ಕಲ್ಲಿಗೆ ಉಳಿ ಬೀಳುವ ಮುಂಚೆ

ಗುತ್ತಿಯಿಂದ ಪತ್ತಿಕೊಂಡದ ಕಡೆಗೆ ಹೋಗುವ ದಾರಿಯಲ್ಲಿ ಎರ್ರಗುಡಿ ಇದೆ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳಿವೆ, ಕಿರುಶಾಸನವೂ ಇದೆ. ಹದಿನಾಲ್ಕನೆಯ ಶಾಸನವನ್ನು ಓದಿದರೆ ಅದು ರಾಜಾಜ್ಞೆಯಂತಿಲ್ಲ, ಬರಹಗಾರನೊಬ್ಬನ ಅರಿಕೆಯಂತಿದೆ. ಬರೆಸಿದ್ದರಲ್ಲಿ ಕೆಲವು ಸಂಕ್ಷಿಪ್ತ, ಕೆಲವು ಮಧ್ಯಮ, ಕೆಲವು ವಿಸ್ತಾರ. ಮಾತಿನ ಸವಿಗಾಗಿ ಕೆಲವನ್ನು ಮತ್ತೆ ಮತ್ತೆ ಹೇಳಿದೆ. ಎಲ್ಲಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಜಾಗ ಕಾರಣವಿರಬಹುದು, ಬೇರೇನೋ ಕಾರಣವಿರಬಹುದು, ಇಲ್ಲವೇ ಲಿಪಿಕಾರನ ತಪ್ಪಿರಬಹುದು. ಇದು ಅದರ ತಾತ್ಪರ್ಯ. ಅಲ್ಲಿನ ಕಿರುಶಾಸನದಲ್ಲಂತೂ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಮುಂದಿನವು ನೇಗಿಲ ಸಾಲಿನಂತೆ ತಿರುಗಿ ಬಲದಿಂದ ಎಡಕ್ಕೆ ಬರುತ್ತವೆ. ಓದುವವನಿಗೆ ದಿಕ್ಕು ತಪ್ಪುತ್ತದೆ.

ಇಷ್ಟು ದೊಡ್ಡ ಸಾಮ್ರಾಜ್ಯವಿದ್ದವನಿಗೂ ಕೊರೆದಾದ ಮೇಲೆ ತಿದ್ದಿಸುವ ದಾರಿ ಇರಲಿಲ್ಲ. ಇನ್ನೊಬ್ಬರ ಕಣ್ಣಿಗೆ ಬರಹವನ್ನು ಯಾವಾಗ ಒಡ್ಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಬಂಡೆ ನೆನಪಾಗುತ್ತದೆ. ಯಾರಿಗೆ ತೋರಿಸಬೇಕು, ಏನು ಕೇಳಬೇಕು ಎನ್ನುವುದು ಆಮೇಲಿನ ಮಾತು. ಹೊತ್ತು ತಪ್ಪಿದರೆ ಎಂಥ ಜಾಣ ಓದುಗ ಸಿಕ್ಕರೂ ಉಪಯೋಗವಿಲ್ಲ.

ರಾಯದುರ್ಗ ಮತ್ತು ಮಡಕಶಿರಾ ಭಾಗದಲ್ಲಿ ಕನ್ನಡದಲ್ಲಿ ಬರೆಯುವವರಿಗಾಗಿ ಇದನ್ನು ಬಿಡಿಸಿ ಹೇಳಬೇಕೆನಿಸಿದೆ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಆದ ದಿನ ಆದೋನಿ, ಆಲೂರುಗಳ ಜೊತೆ ಅದಕ್ಕೆ ಸೇರಿ, ತಾನು ಅನಂತಪುರ ಜಿಲ್ಲೆಗೆ ಬಂತು. ಮಡಕಶಿರಾ ಅದಕ್ಕೂ ಮೊದಲಿನಿಂದ ಅನಂತಪುರದಲ್ಲೇ ಇತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಕಡೆ ಮನೆಮಾತು ಕನ್ನಡವಾಗಿರುವ ಊರುಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಶಾಲೆಯ ವಾರ್ಷಿಕ ಸಂಚಿಕೆಗೆ ಲೇಖನ, ರಾಜ್ಯೋತ್ಸವಕ್ಕೆ ಭಾಷಣ, ಊರಿನ ಕೋಟೆ ಕೆರೆಗಳ ಚರಿತ್ರೆ, ಕನ್ನಡ ಶಿಕ್ಷಕರ ಹುದ್ದೆ ತುಂಬಿಸಿ ಎಂದು ಮನವಿ, ಹೀಗೆ ಬರೆಯುವ ಸಂದರ್ಭಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಓದಿ ಹೇಳುವವರದು. ಬೆಂಗಳೂರಿನಲ್ಲಿ ಒಬ್ಬರಿಗೆ ಬೇಸರವಾದರೆ ಇನ್ನೊಬ್ಬರ ಬಾಗಿಲು ತಟ್ಟಬಹುದು. ಅಗಳಿಯಲ್ಲೋ ರೊಳ್ಳದಲ್ಲೋ ಕೂತು ಬರೆಯುವವರಿಗೆ ಕನ್ನಡವನ್ನು ಗಮನವಿಟ್ಟು ಓದುವವರು ಇಬ್ಬರೋ ಮೂವರೋ ಇದ್ದಾರು. ಅವರ ತಾಳ್ಮೆಯನ್ನು ಹಸಿ ಕರಡಿಗೆ ಖರ್ಚು ಮಾಡಿಬಿಟ್ಟರೆ, ನಿಜವಾಗಿ ಬೇಕಾದಾಗ ಅವರ ಕಣ್ಣು ಆಗಲೇ ಹಳತಾಗಿರುತ್ತದೆ. ಒಂದೇ ಲೇಖನವನ್ನು ನಾಲ್ಕನೇ ಸಲ ಓದುವವರು ಅಲ್ಲಿರುವುದನ್ನು ಓದುವುದಿಲ್ಲ, ನೆನಪಿನಲ್ಲಿರುವುದನ್ನು ಓದುತ್ತಾರೆ.

ಕಲ್ಲಿನ ಮೇಲೆ ಬರೆಯುತ್ತಿದ್ದವರಿಗೆ ಈ ಹೊತ್ತಿನ ವಿಷಯ ಚೆನ್ನಾಗಿ ಗೊತ್ತಿತ್ತು. ಕನ್ನಡ ಶಾಸನಗಳ ಕೊನೆಯಲ್ಲಿ ಪಾಠ ರಚಿಸಿದವನ ಹೆಸರು, ಬರೆದವನ ಹೆಸರು, ಕಂಡರಿಸಿದವನ ಹೆಸರು ಬೇರೆ ಬೇರೆಯಾಗಿ ಬರುವುದುಂಟು. ಒಬ್ಬ ಕವಿ ಅಥವಾ ಸೇನಬೋವ ಪಾಠ ಕಟ್ಟಿದ. ಇನ್ನೊಬ್ಬ ಅದನ್ನು ನಯ ಮಾಡಿದ ಕಲ್ಲಿನ ಮೇಲೆ ಬಳಪದಲ್ಲೋ ಕಾವಿಯಲ್ಲೋ ಬರೆದ. ಮೂರನೆಯವನು ಆ ಗೆರೆಗಳ ಮೇಲೆ ಉಳಿ ಇಟ್ಟ. ಕಂಡರಿಸುವವನಿಗೆ ಓದು ಬರದಿದ್ದರೂ ನಡೆಯುತ್ತಿತ್ತು. ಆದ್ದರಿಂದ ತಪ್ಪು ಹಿಡಿಯಬೇಕಾದ ಗಳಿಗೆ ಬಳಪಕ್ಕೂ ಉಳಿಗೂ ನಡುವೆ ಇತ್ತು. ಅಲ್ಲಿ ತಪ್ಪಿಸಿಕೊಂಡ ಅಕ್ಷರ ಕಲ್ಲಿನಲ್ಲೇ ಉಳಿಯಿತು. ಬಿಟ್ಟುಹೋದದ್ದನ್ನು ಸಾಲಿನ ಮೇಲೋ ಕೆಳಗೋ ಚಿಕ್ಕದಾಗಿ ತುರುಕಿರುವ ಶಾಸನಗಳೂ ಇವೆ. ತಾಮ್ರಪಟವಾದರೆ ಬಡಿದು ಸಮ ಮಾಡಿ ಮತ್ತೆ ಕೊರೆಯಬಹುದಿತ್ತು. ಓಲೆಗರಿಯಲ್ಲಿ ಹಂಸಪಾದ ಹಾಕಿ ಬಿಟ್ಟ ಅಕ್ಷರ ಸೇರಿಸಬಹುದಿತ್ತು. ಕಲ್ಲು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ.

ರಾಯದುರ್ಗದಿಂದ ಗಡಿ ದಾಟಿದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದೆ. ತನ್ನ ವೃತ್ತಿಯ ಪದವನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಈ ಸೀಮೆಯಲ್ಲಿ ಬರಹ ಶುರುವಾದದ್ದೇ ಹೊರಗಿನಿಂದ ಬಂದ ಕೈಯಿಂದ, ಒಬ್ಬನ ಮಾತನ್ನು ಇನ್ನೊಬ್ಬ ಅಕ್ಷರಕ್ಕಿಳಿಸುವ ಕೆಲಸದಿಂದ. ಬರಹ ಒಂಟಿ ಕೆಲಸ ಎಂಬ ಕಲ್ಪನೆ ತೀರಾ ಈಚಿನದು.

ಇದಕ್ಕೆ ಎದುರಾಗಿ ಕುಮಾರವ್ಯಾಸನ ಹೆಸರನ್ನು ಎತ್ತುವವರಿದ್ದಾರೆ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆ ಎಂದು ಆತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ, ನಿಜ. ಆದರೆ ಆ ಹೆಮ್ಮೆಗೆ ಅರ್ಥ ಬರುವುದು ಬೇರೆಯವರೆಲ್ಲ ಹಲಗೆ ಬಳಪ ಹಿಡಿಯುತ್ತಿದ್ದುದರಿಂದಲೇ. ಹಳೆಯ ಕನ್ನಡ ಬರಹಗಾರನ ಮನೆಯಲ್ಲಿ ಕರಡಿಗೆ ತಕ್ಕ ಸಾಮಗ್ರಿ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಕಪ್ಪು ಮೈಮೇಲೆ ಬಳಪದಲ್ಲಿ ಬರೆದು, ಬೇಡವಾದರೆ ಒರೆಸಬಹುದು. ಮಡಕಶಿರಾ ಕಡೆಯ ಹುಣಸೆಮರ ಕಂಡಾಗ ನನಗೆ ಕಡತವೇ ನೆನಪಿಗೆ ಬರುತ್ತದೆ. ಒರೆಸಲು ಬರುವ ವಸ್ತುವಿನ ಮೇಲೆ ಮೊದಲು ಬರೆದು, ಒರೆಸಲು ಬಾರದ ವಸ್ತುವಿಗೆ ಆಮೇಲೆ ಹೋಗುತ್ತಿದ್ದರು. ನಡುವಿನ ಆ ಅಂತರದಲ್ಲೇ ಇನ್ನೊಬ್ಬರ ಮಾತಿಗೆ ಜಾಗ ಇತ್ತು.

ಆ ಮಾತು ಯಾಕೆ ಬೇಕು ಎನ್ನುವುದನ್ನು ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಹೇಳಿದೆ. ಸುಮಾರು 850ರಲ್ಲಿ, ನೃಪತುಂಗನ ಕಾಲದಲ್ಲಿ ಶ್ರೀವಿಜಯ ರಚಿಸಿದ ಕವಿರಾಜಮಾರ್ಗ, ಕಣ್ಣಿಗೆ ತನ್ನದೇ ಕಾಡಿಗೆ ಕಾಣದಂತೆ ಬರೆದವನಿಗೆ ತನ್ನ ದೋಷ ಎಷ್ಟು ಹೆಣಗಿದರೂ ಕಾಣದು ಎನ್ನುತ್ತದೆ. ಇದಕ್ಕೆ ಕಾರಣ ಸರಳ. ನಾವು ಬರೆದದ್ದನ್ನು ನಾವೇ ಓದುವಾಗ ಪುಟದಲ್ಲಿ ಇಲ್ಲದ್ದನ್ನು ತಲೆ ತುಂಬಿಸಿಕೊಳ್ಳುತ್ತದೆ. ‘ಆ ಘಟನೆಯ ನಂತರ’ ಎಂದು ಬರೆದಿರುತ್ತೇವೆ; ಯಾವ ಘಟನೆ ಎಂದು ನಮಗೆ ಗೊತ್ತು, ಓದುಗನಿಗೆ ಹೇಳಿಯೇ ಇರುವುದಿಲ್ಲ. ಎಷ್ಟು ಸಲ ಓದಿದರೂ ಆ ಹಳ್ಳ ನಮಗೆ ಕಾಣಿಸದು.

ಒಂದು ಸಂದರ್ಭವನ್ನು ಕಲ್ಪಿಸಿಕೊಂಡು ನೋಡೋಣ. ಅಮರಾಪುರದ ಕಡೆಯ ಕನ್ನಡ ಮೇಷ್ಟ್ರೊಬ್ಬರು ತಮ್ಮ ಸೀಮೆಯ ಶಾಸನಗಳ ಬಗ್ಗೆ ಲೇಖನ ಬರೆಯಲು ಹೊರಟಿದ್ದಾರೆ. ಸಾಮಗ್ರಿ ಬೇಕಾದಷ್ಟಿದೆ. ಹತ್ತಿರದ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಮರಾಪುರದಲ್ಲಿ 1278ರ ಶಾಸನವೊಂದಿದೆ: ನಿಡುಗಲ್ಲಿನಿಂದ ಇರುಂಗೋಳ ಚೋಳ ಆಳುತ್ತಿದ್ದಾಗ, ಮಲ್ಲಿಸೆಟ್ಟಿ ಎಂಬ ಶ್ರಾವಕ ತೈಲಂಗೆರೆಯ ಬಸದಿಯ ಪಾರ್ಶ್ವದೇವರಿಗೆ ತಮ್ಮಡಹಳ್ಳಿಯ 2000 ಅಡಿಕೆ ಮರಗಳನ್ನು ದತ್ತಿ ಬಿಟ್ಟದ್ದು ಅದರ ವಿಷಯ.

ಮೇಷ್ಟ್ರಿಗೆ ಉತ್ಸಾಹ. ಒಂದೂವರೆ ಪುಟ ಆಗುತ್ತಲೇ ಯಾರಿಗಾದರೂ ತೋರಿಸೋಣ ಎನಿಸುತ್ತದೆ. ನನ್ನ ಸಲಹೆ: ಬೇಡ. ಅರ್ಧ ಬರೆದದ್ದನ್ನು ತೋರಿಸಿದರೆ ಎರಡು ತೊಂದರೆ. ಓದಿದವರು ‘ಲೇಪಾಕ್ಷಿಯನ್ನೂ ಸೇರಿಸಿ’, ‘ಕೋಟೆಯಿಂದ ಶುರು ಮಾಡಿ’ ಎನ್ನುತ್ತಾರೆ; ಲೇಖನ ಇನ್ನೂ ಏನಾಗಬೇಕೆಂದು ತಾನೇ ನಿರ್ಧರಿಸಿಕೊಳ್ಳುವ ಮೊದಲೇ ಅವರ ಲೇಖನವಾಗಿಬಿಡುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ‘ಬಹಳ ಚೆನ್ನಾಗಿದೆ ಮೇಷ್ಟ್ರೇ, ಮುಂದುವರಿಸಿ’ ಎಂದರೆ ಹೊಟ್ಟೆ ತುಂಬಿದಂತಾಗಿ ಮುಂದಿನ ಪುಟ ಬರೆಯುವ ಹಸಿವೇ ಹೋಗುತ್ತದೆ. ಸಂಚಿಕೆಗಳಿಗೆ ಬರದೇ ಉಳಿದ ಎಷ್ಟೋ ಲೇಖನಗಳು ಹೀಗೆ ಹೊಗಳಿಕೆಯಿಂದ ಸತ್ತವು. ಮಾಹಿತಿ ಬೇಕಾದರೆ ಯಾವಾಗ ಬೇಕಾದರೂ ಕೇಳಲಿ. ಬಸದಿ ಎಲ್ಲಿತ್ತು, ಕೆರೆಗೆ ಏನು ಹೆಸರು ಎಂದು ವಿಚಾರಿಸುವುದಕ್ಕೆ ಕಟ್ಟುಪಾಡಿಲ್ಲ. ಪುಟವನ್ನು ಮಾತ್ರ ತೋರಿಸಬಾರದು. ಕೆಟ್ಟದಾಗಿದ್ದರೂ ಕೊನೆಯ ಸಾಲಿನವರೆಗೆ ಒಬ್ಬರೇ ಬರೆದು ಮುಗಿಸಬೇಕು.

ಮುಗಿಸಿದ ಮೇಲೂ ಕೆಲವು ದಿನ ಅದನ್ನು ಕಪಾಟಿನಲ್ಲಿಟ್ಟು ಮರೆಯಬೇಕು. ಮತ್ತೆ ತೆಗೆದಾಗ ಕಣ್ಣಿಗೆ ಹೊಡೆಯುವ ತಪ್ಪುಗಳನ್ನೆಲ್ಲ ತಾವೇ ಸರಿಮಾಡಬೇಕು. ತನಗೇ ಕಾಣುವ ತಪ್ಪನ್ನು ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದು ಅವರ ಸಮಯಕ್ಕೆ ಮಾಡುವ ಅನ್ಯಾಯ. ಇನ್ನು ತನ್ನಿಂದ ಆಗುವುದು ಇಷ್ಟೇ, ಏನೋ ಸರಿಯಿಲ್ಲ, ಅದೇನೆಂದು ತಿಳಿಯುತ್ತಿಲ್ಲ ಎನಿಸುತ್ತದಲ್ಲ, ಆಗ ತೋರಿಸಬೇಕು. ಡಿಟಿಪಿ ಮಾಡಿಸಿ ತೋರಿಸಬಾರದು. ಚಂದದ ಅಕ್ಷರದಲ್ಲಿ ಮುದ್ರಿಸಿದ ಪುಟ ನೋಡಿದ ಕೂಡಲೇ ಓದುಗ ಇದು ಮುಗಿದ ಕೆಲಸ ಎಂದುಕೊಳ್ಳುತ್ತಾನೆ. ಒತ್ತಕ್ಷರ, ಕೊಂಬು, ದೀರ್ಘಗಳ ತಪ್ಪು ಹುಡುಕಿ ಕೊಡುತ್ತಾನೆ. ಎರಡನೇ ಪುಟವನ್ನೇ ತೆಗೆದುಹಾಕಿ ಎಂದು ಹೇಳುವ ಧೈರ್ಯ ಅವನಿಗೆ ಬರದು, ಹೇಳಿದರೂ ನಮಗೆ ಕೇಳುವ ಮನಸ್ಸಿರದು. ಗೀಚು, ಬಾಣದ ಗುರುತುಗಳಿರುವ ಕೈಬರಹದ ಪ್ರತಿ ಒಳ್ಳೆಯದು. ಇನ್ನೂ ಅಲ್ಲಾಡಿಸಬಹುದು ಎಂದು ಅದೇ ಹೇಳುತ್ತದೆ.

ನಮ್ಮ ಮೇಷ್ಟ್ರ ಕರಡು ಹೀಗೆ ಶುರುವಾಗುತ್ತದೆ ಎನ್ನಿ: ‘ಅನಾದಿ ಕಾಲದಿಂದಲೂ ಕಲೆ, ಸಾಹಿತ್ಯ, ಸಂಸ್ಕೃತಿಗಳ ತವರೂರಾಗಿರುವ ನಮ್ಮ ಈ ಪುಣ್ಯಭೂಮಿಯು...’ ನೊಳಂಬರ ವಂಶಾವಳಿ ಒಂದು ಪುಟ, ಜೈನಧರ್ಮದ ಪರಿಚಯ ಮತ್ತೊಂದು ಪುಟ. ಮೂರನೇ ಪುಟದ ನಡುವಿನಲ್ಲಿ ಒಂದು ವಾಕ್ಯ: ಮಲ್ಲಿಸೆಟ್ಟಿಯು ಎರಡು ಸಾವಿರ ಅಡಿಕೆ ಮರಗಳನ್ನು ದಾನವಾಗಿ ನೀಡಿದನು. ಆಮೇಲೆ ಉಪಸಂಹಾರ. ಇದನ್ನು ಇನ್ನೊಬ್ಬ ಮೇಷ್ಟ್ರಿಗೆ ಕೊಟ್ಟರೆ ಅವರಿಗೆ ಯಾವ ತಪ್ಪೂ ಕಾಣದೆ ಹೋಗಬಹುದು, ಅವರೂ ಹೀಗೇ ಬರೆಯುತ್ತಾರೆ. ಊರಿನ ಅಡಿಕೆ ತೋಟದವರಿಗೆ ಓದಿ ಹೇಳಿದರೆ ಮೂರನೇ ಪುಟದವರೆಗೆ ಸುಮ್ಮನಿದ್ದು, ಅಲ್ಲಿ ಥಟ್ಟನೆ ಕೇಳುತ್ತಾರೆ: ‘ನಿಲ್ಸಿ ಮೇಷ್ಟ್ರೇ, ಎರಡು ಸಾವ್ರ ಮರವಾ? ಅದೇನು ಕಮ್ಮಿ ತೋಟಾನಾ? ನೀರು ಎಲ್ಲಿಂದ?’

ಈ ಪ್ರಶ್ನೆಯಲ್ಲಿ ಇಡೀ ಲೇಖನ ಇದೆ. ಈಗಿನಂತೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. 2000 ಮರವೆಂದರೆ ಮೂರೂಮುಕ್ಕಾಲು ಎಕರೆಯ ತೋಟ. ಮಳೆ ಕಡಿಮೆಯ ಈ ನೆಲದಲ್ಲಿ ಅಷ್ಟು ಅಡಿಕೆ ಬೆಳೆಯಬೇಕಾದರೆ ಹತ್ತಿರದಲ್ಲಿ ನೀರು ನಿಲ್ಲಬೇಕು, ಕಾಲುವೆ ನೋಡಿಕೊಳ್ಳುವವರಿರಬೇಕು, ಅಡಿಕೆ ಕೊಳ್ಳುವ ಪೇಟೆ ಇರಬೇಕು. ಏಳೂವರೆ ಶತಮಾನದ ಹಿಂದಿನ ಒಂದು ಊರು ಕಣ್ಣಮುಂದೆ ಬಂತು. ಪುಣ್ಯಭೂಮಿಯ ಪೀಠಿಕೆ ಉದುರಿತು, ಅಡಿಕೆ ಮರ ಮೊದಲ ಸಾಲಿಗೆ ಬಂತು. ಇಂಥ ಪಲ್ಲಟ ಸಾಧ್ಯವಾಗುವುದು ಲೇಖನ ಪೂರ್ತಿಯಾಗಿದ್ದು ಇನ್ನೂ ಮೆತ್ತಗಿರುವಾಗ ಮಾತ್ರ. ಒಂದೂವರೆ ಪುಟವಿದ್ದಾಗ ತೋರಿಸಿದ್ದರೆ ಆ ವಾಕ್ಯವೇ ಹುಟ್ಟಿರುತ್ತಿರಲಿಲ್ಲ. ಅಚ್ಚಿನ ಮನೆಯಿಂದ ಬಂದ ಮೇಲೆ ತೋರಿಸಿದ್ದರೆ ‘ಹೌದಲ್ಲ, ಮುಂದಿನ ಸಲ’ ಎಂದು ಬಿಡುತ್ತಿದ್ದರು.

ಹಾಗಾಗಿ ಮೊದಲ ಓದುಗರು ಬರೆಯುವವರೇ ಆಗಬೇಕಿಲ್ಲ. ಕನ್ನಡ ನಾಡಿನ ಜನ ಓದು ಬರಹದ ಹಂಗಿಲ್ಲದೆಯೇ ಕಾವ್ಯದ ಮರ್ಮ ಬಲ್ಲವರು, ಮಕ್ಕಳಿಗೂ ವಿವೇಕದ ಮಾತು ಗೊತ್ತು ಎಂಬ ಅಭಿಪ್ರಾಯವೂ ಕವಿರಾಜಮಾರ್ಗದ್ದೇ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಹೇಳುವ ನಾಡಿನೊಳಗೇ ರಾಯದುರ್ಗವೂ ಮಡಕಶಿರಾವೂ ಬರುತ್ತವೆ. ಶಾಲೆಯಲ್ಲಿರುವ ಮೇಷ್ಟ್ರಿಗೆ ಮಕ್ಕಳಿಗಿಂತ ಒಳ್ಳೆಯ ಓದುಗರಿಲ್ಲ. ಎಂಟನೇ ತರಗತಿಯ ಹುಡುಗಿಯ ಕೈಗೆ ಕರಡು ಕೊಟ್ಟು ಗಟ್ಟಿಯಾಗಿ ಓದಿಸಬೇಕು, ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂರಬೇಕು. ಅವಳು ತಡವರಿಸಿದಲ್ಲಿ ಒಂದು ಗೆರೆ, ಹಿಂದಕ್ಕೆ ಹೋಗಿ ಮತ್ತೆ ಓದಿದಲ್ಲಿ ಎರಡು ಗೆರೆ, ಉಸಿರು ಸಾಲದೆ ನಿಂತಲ್ಲಿ ಒಂದು ಅಡ್ಡಗೆರೆ. ಅವಳ ಅಭಿಪ್ರಾಯ ಕೇಳುವ ಅಗತ್ಯವೇ ಇಲ್ಲ. ಕೇಳಿದರೆ ‘ಚೆನ್ನಾಗಿದೆ ಸಾರ್’ ಎನ್ನುತ್ತಾಳೆ, ಬೇರೇನು ಹೇಳಿಯಾಳು?

ದೊಡ್ಡವರೂ ಹಾಗೇ. ಹೆಡ್‌ಮಾಸ್ಟರ ಬರಹದಲ್ಲಿ ಸಹಶಿಕ್ಷಕರು ತಪ್ಪು ಎತ್ತುವುದಿಲ್ಲ, ಹಿರಿಯರ ಭಾಷಣದಲ್ಲಿ ಕಿರಿಯರು ಎತ್ತುವುದಿಲ್ಲ. ನಮ್ಮ ಮರ್ಯಾದೆಯ ರೀತಿಯೇ ಅದು, ಅದನ್ನು ನಾನು ಹಳಿಯುವುದಿಲ್ಲ. ಆದರೆ ‘ಹೇಗಿದೆ?’ ಎಂಬ ಪ್ರಶ್ನೆಗೆ ಮರ್ಯಾದಸ್ಥರಿಗೆ ಇರುವುದು ಒಂದೇ ಉತ್ತರ. ಪ್ರಶ್ನೆಯನ್ನು ಬದಲಿಸಿದರೆ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಎಲ್ಲಿ ಓದು ನಿಲ್ಲಿಸಿ ಚಹಾ ಕುಡಿಯಲು ಎದ್ದಿರಿ? ಯಾವ ಭಾಗವನ್ನು ಎರಡು ಸಲ ಓದಬೇಕಾಯಿತು? ಮರುದಿನ ಬೆಳಿಗ್ಗೆ ಏನು ನೆನಪಿತ್ತು? ಒಂದು ಪ್ಯಾರಾ ಕಡಿಯಲೇಬೇಕು ಎಂದರೆ ಯಾವುದು? ಕೊನೆಯ ಪ್ರಶ್ನೆ ಬಹಳ ಒಳ್ಳೆಯದು. ಕಡಿಯಿರಿ ಎಂದು ಅಪ್ಪಣೆ ಕೊಟ್ಟದ್ದು ನಾವೇ ಆದ್ದರಿಂದ ಅವರಿಗೆ ಸಂಕೋಚವಿರುವುದಿಲ್ಲ.

ಉತ್ತರ ಬಂದಾಗ ವಾದ ಮಾಡಬಾರದು. ಎಲ್ಲಿ ನೋವಾಗುತ್ತಿದೆ ಎಂದು ಓದುಗ ಹೇಳಿದರೆ ಸಾಮಾನ್ಯವಾಗಿ ಅದು ಸರಿ ಇರುತ್ತದೆ. ಅವನು ಹೇಳುವ ಔಷಧಿ ಎಷ್ಟೋ ಸಲ ತಪ್ಪು. ‘ಇಲ್ಲಿ ಇನ್ನಷ್ಟು ವಿವರಿಸಿ’ ಎಂದರೆ ನಿಜವಾದ ತೊಂದರೆ ಎರಡು ಪ್ಯಾರಾ ಹಿಂದೆ ಬಿಟ್ಟುಹೋದ ಒಂದು ವಾಕ್ಯದಲ್ಲಿರಬಹುದು. ಇಬ್ಬರು ಬೇರೆ ಬೇರೆಯಾಗಿ ಒಂದೇ ಜಾಗಕ್ಕೆ ಬೆರಳಿಟ್ಟರೆ, ಅವರು ಕೊಟ್ಟ ಕಾರಣಗಳು ತದ್ವಿರುದ್ಧವಾಗಿದ್ದರೂ ಆ ಜಾಗ ಕೆಟ್ಟಿದೆ ಎಂದೇ ತಿಳಿಯಬೇಕು.

ಗಡಿಯಲ್ಲಿ ಬರೆಯುವವರಿಗೆ ಇನ್ನೊಂದು ಮೆಟ್ಟಿಲು ಹೆಚ್ಚು. ಕಚೇರಿಗೆ ಕೊಡುವ ಮನವಿ ಕೊನೆಗೆ ತೆಲುಗಿಗೆ ಹೋಗಬೇಕು. ಕನ್ನಡದಲ್ಲಿ ಕರಡು ಮಾಡಿ, ಅವಸರದಲ್ಲಿ ತೆಲುಗು ಮಾಡಿಸಿ, ಆಮೇಲೆ ಹತ್ತು ಜನಕ್ಕೆ ತೋರಿಸುವುದು ನಡೆದು ಬಂದ ರೂಢಿ. ಆಗ ಪ್ರತಿಯೊಂದು ತಿದ್ದುಪಡಿಯನ್ನೂ ಎರಡು ಭಾಷೆಯಲ್ಲಿ ಮಾಡಬೇಕು; ಒಂದರಲ್ಲಿ ಮಾಡಿ ಇನ್ನೊಂದರಲ್ಲಿ ಮರೆಯುತ್ತಾರೆ, ಅಧಿಕಾರಿಯ ಮೇಜಿನ ಮೇಲೆ ಒಂದು ಬೇಡಿಕೆ, ಊರಿನವರ ಕೈಯಲ್ಲಿ ಇನ್ನೊಂದು. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ ಎಂಬ ಜಗಳವೆಲ್ಲ ಕನ್ನಡದ ಕರಡಿನಲ್ಲೇ ತೀರಬೇಕು. ಅನುವಾದವಾದ ಮೇಲೆ ಕೇಳಬೇಕಾದದ್ದು ಎರಡೂ ಭಾಷೆಯ ಕಿವಿ ಇರುವ ಒಬ್ಬರನ್ನು, ಅರ್ಥ ಸರಿಯಾಗಿ ದಾಟಿತೇ ಎಂದು ಮಾತ್ರ. ಅಂಥ ಕಿವಿ ಅನಂತಪುರ ಜಿಲ್ಲೆಗೆ ಹೊಸದಲ್ಲ. ಇಲ್ಲಿನ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು 1912ರಿಂದ 1949ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು.

ಲೇಖನ ಬೆಂಗಳೂರಿನ ಪತ್ರಿಕೆಗೆ ಹೋಗುವುದಾದರೆ ಬೇರೊಂದು ಸಂದಿಗ್ಧವಿದೆ. ರಾಯದುರ್ಗದ ಕನ್ನಡ ಬಳ್ಳಾರಿಯ ಕಡೆಗೆ ಎಳೆಯುತ್ತದೆ, ಮಡಕಶಿರಾದ್ದು ಶಿರಾ, ಪಾವಗಡದ ಕಡೆಗೆ. ಎರಡರಲ್ಲೂ ತೆಲುಗಿನ ಒಡನಾಟ. ಇದನ್ನೆಲ್ಲ ತಪ್ಪೆಂದು ತಿದ್ದಿ ಕಳಿಸುವವರಿದ್ದಾರೆ. ಕನ್ನಡಗಳಲ್ಲಿ ದೋಷವೆಷ್ಟೆಂದು ಎಣಿಸಲು ಹೊರಟರೆ ವಾಸುಕಿಗೂ ಬೇಸರವಾದೀತು ಎಂದು ಶ್ರೀವಿಜಯನೇ ಕೈಚೆಲ್ಲಿದ್ದಾನೆ. ಆದ್ದರಿಂದ ಭಾಷೆಯ ತಿದ್ದುಪಡಿಯನ್ನು ಎಲ್ಲಕ್ಕಿಂತ ಕೊನೆಗೆ ಕೇಳಬೇಕು, ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಅಡಿಕೆ ತೋಟದವರ ಪ್ರಶ್ನೆಯನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿದರೆ ಅವರೇ ಲೇಖನದಿಂದ ಎದ್ದು ಹೋಗುತ್ತಾರೆ. ಹಾಗೆ ಮಾಡಲು ನಾನಂತೂ ಒಪ್ಪುವುದಿಲ್ಲ. ಕೆಳಗೆ ಹೆಸರು ಹಾಕುವವರು ಮೇಷ್ಟ್ರು, ತೀರ್ಮಾನವೂ ಅವರದೇ.

ಅಚ್ಚಿಗೆ ಹೋಗುವ ಮುನ್ನ ಇನ್ನೊಬ್ಬರು ಬೇಕೇ ಬೇಕಾಗುವುದು ಅಂಕಿಗಳಿಗೆ. ಒಬ್ಬರು ಮೂಲ ಹಿಡಿದು ಓದಬೇಕು, ಇನ್ನೊಬ್ಬರು ಕರಡಚ್ಚಿನಲ್ಲಿ ಬೆರಳಿಟ್ಟು ನೋಡಬೇಕು. 2000 ಮರ 200 ಆದರೆ ಮಲ್ಲಿಸೆಟ್ಟಿಯ ದಾನದ ಹತ್ತರಲ್ಲಿ ಒಂಬತ್ತು ಪಾಲು ನಮ್ಮ ಕೈಯಲ್ಲೇ ಮಾಯ. ಶಕವರ್ಷ ಕೊಟ್ಟು ಸಂವತ್ಸರದ ಹೆಸರನ್ನೂ ಬರೆದಿದ್ದರೆ ತಾಳೆ ನೋಡಲು ಸುಲಭದ ದಾರಿಯಿದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷ, ಪ್ರಭವದಿಂದ ಎಣಿಸಿದಾಗ ಸಿಗುವ ಸಂವತ್ಸರದ ಸಂಖ್ಯೆ. 2025ರ ಯುಗಾದಿಗೆ ಶಕ 1947. 12 ಕೂಡಿಸಿದರೆ 1959, ಶೇಷ 39, ಅದು ವಿಶ್ವಾವಸು. ಶಾಸನಗಳಲ್ಲಿ ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನು ಎಣಿಸಿರುವುದರಿಂದ ಒಂದು ವರ್ಷ ಆಚೀಚೆ ಆಗುವುದುಂಟು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಚ್ಚಿನಲ್ಲಿ ಅಂಕಿ ಜಾರಿರಬಹುದು, ಓದಿಕೊಂಡ ಪುಸ್ತಕದಲ್ಲೇ ತಪ್ಪಿರಬಹುದು, ಕಲ್ಲಿನಲ್ಲೇ ಹಾಗಿರಬಹುದು. ಊರಿನಲ್ಲಿ ಪಂಚಾಂಗ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಕರಡಚ್ಚು ಹಿಡಿದು ಅವರ ಮನೆಗೆ ಹೋಗಲು ಒಂದು ಸಂಜೆ ಸಾಕು.